ಹಳೆಯ ಹೆರಾಲ್ಡ್ ಕಾರಿನ ಹಿಂದಿನ ಸಸ್ಪೆನ್ಷನ್: ದುರಸ್ತಿ, ಸುಧಾರಣೆ ಮತ್ತು ಅವುಗಳ ಲೆಕ್ಕ

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರು ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಎದುರಿಸುವ ಪ್ರಶ್ನೆಯೊಂದಿದೆ. ವ್ಯಾಪಾರಸ್ಥರ ವಹಿಯಲ್ಲಿ 'ವಾಹನ ದುರಸ್ತಿ' ಎಂಬ ಖಾತೆಗೆ ದೊಡ್ಡ ಮೊತ್ತವೊಂದು ಖರ್ಚು ಬಿದ್ದಿರುತ್ತದೆ. ಬಿಲ್ಲು ತೆಗೆದು ನೋಡಿದರೆ ಪ್ಲೇಟ್ ಸೆಟ್, ಬುಷ್, ಶಾಕ್ ಅಬ್ಸಾರ್ಬರ್, ಹೆಚ್ಚುವರಿ ಪ್ಲೇಟು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಇವುಗಳಲ್ಲಿ ಯಾವುದು ಸವೆದದ್ದನ್ನು ಸರಿಪಡಿಸಿದ್ದು, ಯಾವುದು ಮೊದಲಿಲ್ಲದ್ದನ್ನು ಸೇರಿಸಿದ್ದು ಎಂದು ಕೇಳಿದರೆ ಹೆಚ್ಚಿನವರು, "ಒಟ್ಟಾರೆ ಗಾಡಿ ಕೆಲಸ, ಬರಕೊಳ್ರಿ" ಎನ್ನುತ್ತಾರೆ.

ನಾನು ಅನೇಕ ವರ್ಷ ಈ ಪ್ರಶ್ನೆಯನ್ನು ತೆರಿಗೆಯ ದೃಷ್ಟಿಯಿಂದ ಮಾತ್ರ ಕೇಳುತ್ತಿದ್ದೆ. ಸರಿಪಡಿಸುವುದಕ್ಕೂ ಸುಧಾರಿಸುವುದಕ್ಕೂ ಇರುವ ಅಂತರವು ಜೀವಕ್ಕೂ ಸಂಬಂಧಿಸಿದ್ದು ಎಂಬುದು ತಿಳಿದದ್ದು ನನ್ನದೇ ಹಳೆಯ ಕಾರಿನಿಂದ, ಅದೂ ಮುಂಡಗೋಡದ ಟಿಬೆಟನ್ ಕಾಲೊನಿಯ ಒಂದು ಗ್ಯಾರೇಜಿನಲ್ಲಿ. ಆ ಅನುಭವವು ಸರಕು ವಾಹನ ಇಟ್ಟುಕೊಂಡಿರುವ ನಮ್ಮ ಸದಸ್ಯರಿಗೂ, ಯಂತ್ರೋಪಕರಣ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಪ್ರಯೋಜನಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ತಂದೆಯವರ ಕಾರು

ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ಜವಳಿ ವ್ಯಾಪಾರಿಗಳು. 1960ರ ದಶಕದ ಕೊನೆಯಲ್ಲಿ ಅವರು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕೊಂಡರು. ಅದೇ ಕಾಲಕ್ಕೆ, ಅಂದರೆ 1966ರಲ್ಲಿ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಹತ್ತಿರ ಟಿಬೆಟಿನ ನಿರಾಶ್ರಿತರಿಗಾಗಿ ದೊಯೆಗುಲಿಂಗ್ ವಸಾಹತು ಸ್ಥಾಪನೆಯಾಯಿತು. ಕಾಡಂಚಿನ ಸುಮಾರು 4,000 ಎಕರೆ ಭೂಮಿಯಲ್ಲಿ ಕ್ಯಾಂಪುಗಳು ಎದ್ದವು. 1970ರ ಆಸುಪಾಸಿನಲ್ಲಿ ಗಾದೆನ್ ಮತ್ತು ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ನೆಲೆಗೊಂಡವು. ಮೆಕ್ಕೆಜೋಳ, ಭತ್ತ, ಗಾಲಿಚೆ ನೇಯ್ಗೆ ಮತ್ತು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವ ವ್ಯಾಪಾರ ಅಲ್ಲಿಯವರ ಜೀವನಾಧಾರವಾಯಿತು.

ತಂದೆಯವರು ಆ ಕಾಲೊನಿಗೆ ಬಟ್ಟೆ ಒಯ್ಯುತ್ತಿದ್ದರು. ಲಾಮಾಗಳ ಉಡುಪಿಗೆ ಬೇಕಾದ ಕೆಂಗಂದು ಬಣ್ಣದ ಬಟ್ಟೆಯ ಥಾನುಗಳನ್ನು ಹೆರಾಲ್ಡ್‌ನ ಹಿಂದಿನ ಸೀಟಿನ ಮೇಲೆ ಹೇರಿಕೊಂಡು ತಡಸದ ಮಾರ್ಗವಾಗಿ ಹೋಗಿ ಸಂಜೆಗೆ ಮರಳುತ್ತಿದ್ದರು. ಅವರ ಉದ್ರಿ ವಹಿಯಲ್ಲಿ ಕ್ಯಾಂಪುಗಳ ಸಂಖ್ಯೆಯ ಮೇಲೆ ಖಾತೆಗಳಿದ್ದವು. ಸ್ವೆಟರ್ ಹಂಗಾಮು ಮುಗಿದ ಮೇಲೆ ಬಾಕಿಯೆಲ್ಲ ಚುಕ್ತಾ ಆಗುತ್ತಿತ್ತು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ವ್ಯಾಪಾರ ಕಡಿಮೆಯಾದ ಮೇಲೆ ಕಾರು ಗೋದಾಮಿನಲ್ಲಿ ನಿಂತಿತು. 2019ರಲ್ಲಿ ನಾನು ಅದನ್ನು ಹೊರತೆಗೆದು ಓಡುವಂತೆ ಮಾಡಿಸಿದೆ. ನಮ್ಮ ಹಳೆಯ ಕಕ್ಷಿದಾರರು ಕೆಲವರು ಕಾಲೊನಿಯ ಆಸುಪಾಸಿನಲ್ಲಿಯೇ ಇರುವುದರಿಂದ ಕಾರಿಗೂ ಹಳೆಯ ದಾರಿ ಮತ್ತೆ ಸಿಕ್ಕಿತು.

ಹೆರಾಲ್ಡ್ ಮತ್ತು ಅದರ ಹಿಂದಿನ ಅಚ್ಚು

ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯ ಕಾರು. 1959ರಲ್ಲಿ ಮಾರುಕಟ್ಟೆಗೆ ಬಂದ ಇದರ ರೂಪವನ್ನು ಇಟಲಿಯ ಜಿಯೊವಾನಿ ಮಿಕೆಲೊತ್ತಿ ರಚಿಸಿದರು. ಭಾರತದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು 1961ರಿಂದ 948 ಸಿ.ಸಿ. ಎಂಜಿನ್ನಿನೊಂದಿಗೆ ಇದನ್ನು ತಯಾರಿಸಿತು. ಮುಂದಿನ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಸುಮಾರು 25 ಅಡಿ ವ್ಯಾಸದ ಜಾಗದಲ್ಲಿ ಕಾರು ಪೂರ್ತಿ ತಿರುಗಿಬಿಡುತ್ತದೆ. ದುರ್ಗದಬೈಲಿನ ಓಣಿಗಳಲ್ಲಿ ಇದೊಂದು ವರವೇ ಆಗಿತ್ತು.

ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡಗೊಳಿಸಿ, ಎರಡೇ ಸೀಟುಗಳ ಹಗುರ ದೇಹ ಕೂಡಿಸಿ 1962ರಲ್ಲಿ ತಂದ ಕ್ರೀಡಾ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಹೀಗಾಗಿ ಸ್ಪಿಟ್‌ಫೈರ್‌ನ ಹಿಂಭಾಗದ ಗುಣದೋಷಗಳೂ ಹೆರಾಲ್ಡ್‌ನ ಗುಣದೋಷಗಳೂ ಒಂದೇ. ಜಗತ್ತಿನಾದ್ಯಂತ ಈ ಕ್ರೀಡಾ ಕಾರಿನ ಮಾಲೀಕರು ಕಂಡುಕೊಂಡ ಪರಿಹಾರಗಳು ನಮ್ಮ ಹೆರಾಲ್ಡ್‌ಗೂ ಅನ್ವಯಿಸುತ್ತವೆ.

ಸಾಮಾನ್ಯ ಲಾರಿ ಅಥವಾ ಜೀಪಿನ ಹಿಂದಿನ ಅಚ್ಚು ಒಂದೇ ಗಟ್ಟಿ ತುಂಡು. ಎರಡೂ ಗಾಲಿಗಳು ಅದರ ತುದಿಗಳಲ್ಲಿರುತ್ತವೆ. ಚಾಸಿ ಏರಲಿ, ಇಳಿಯಲಿ, ಸಮತಟ್ಟಾದ ರಸ್ತೆಯಲ್ಲಿ ಗಾಲಿಗಳು ನೆಟ್ಟಗೇ ನಿಂತಿರುತ್ತವೆ. ಹೆರಾಲ್ಡ್‌ನ ವ್ಯವಸ್ಥೆ ಬೇರೆ. ಅದರಲ್ಲಿ ಡಿಫರೆನ್ಷಿಯಲ್ ಚಾಸಿಗೇ ಬಿಗಿಯಲ್ಪಟ್ಟಿದೆ. ಅದರ ಎರಡೂ ಬದಿಗೆ ಕೀಲಿನಿಂದ ತೂಗುವ ಅರ್ಧ ಅಚ್ಚುಗಳಿವೆ. ಡಿಫರೆನ್ಷಿಯಲ್ಲಿನ ನೆತ್ತಿಯ ಮೇಲೆ ಒಂದೇ ಲೀಫ್ ಸ್ಪ್ರಿಂಗ್, ಅಂದರೆ ಗ್ಯಾರೇಜಿನವರ ಮಾತಿನಲ್ಲಿ ಪ್ಲೇಟ್ ಸೆಟ್, ಅಡ್ಡಲಾಗಿ ಕುಳಿತು ಎರಡೂ ಗಾಲಿಗಳನ್ನು ಹಿಡಿದಿರುತ್ತದೆ. ಇದಕ್ಕೆ ಸ್ವಿಂಗ್ ಆ್ಯಕ್ಸಲ್ ಎಂದು ಹೆಸರು. ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಅದರ ಏಟು ಹೆಚ್ಚು ತಟ್ಟುವುದಿಲ್ಲ. ಹಾಳು ರಸ್ತೆಯಲ್ಲಿ ಪ್ರಯಾಣ ಹಿತವಾಗಿರುತ್ತದೆ.

ಈ ಹಿತಕ್ಕೆ ಒಂದು ಬೆಲೆಯಿದೆ. ಗಾಲಿಯು ಕೀಲಿನ ಸುತ್ತ ಬಾಗಿಲಿನಂತೆ ತೂಗುವುದರಿಂದ, ಚಾಸಿ ಎತ್ತರಕ್ಕೆ ಏರಿದಂತೆಲ್ಲ ಗಾಲಿಯ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಅರ್ಧ ಅಚ್ಚಿನ ಉದ್ದ ಅರ್ಧ ಮೀಟರ್ ಎಂದಿಟ್ಟುಕೊಂಡರೆ, ಹಿಂಭಾಗ ಒಂದು ಇಂಚು ಏರಿದಾಗ ಗಾಲಿಯ ಓರೆ ಸುಮಾರು ಮೂರು ಡಿಗ್ರಿ ಬದಲಾಗುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗುವಾಗ ಹೊರಬದಿಯ ಗಾಲಿಯನ್ನು ರಸ್ತೆ ಒಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಕೀಲಿನ ಮೂಲಕ ಕಾರಿನ ಹಿಂಭಾಗವನ್ನೇ ಎತ್ತುತ್ತದೆ. ಅಂಥ ಹೊತ್ತಿನಲ್ಲಿ ಚಾಲಕ ಗಾಬರಿಯಿಂದ ಆ್ಯಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಏರುತ್ತದೆ. ಗಾಲಿ ಪೂರ್ತಿ ಮಡಚಿಕೊಂಡು ಹಿಡಿತ ತಪ್ಪುತ್ತದೆ.

ನಾನು ಮಾಡಿದ ತಪ್ಪು

ಕಾರು ಓಡಲಾರಂಭಿಸಿದ ಮೇಲೆ ನನಗೆ ಅದರ ಹಿಂಭಾಗ ಕುಗ್ಗಿದಂತೆ ಕಂಡಿತು. ಹಿಂದೆ ಇಬ್ಬರು ಕುಳಿತರೆ ಸೈಲೆನ್ಸರ್ ಹಂಪುಗಳಿಗೆ ತಾಗುತ್ತಿತ್ತು. ಪಟ್ಟಣದ ಒಂದು ಗ್ಯಾರೇಜಿಗೆ ಹೋಗಿ ಪ್ಲೇಟುಗಳನ್ನು ಬಡಿಸಿ ಬಾಗು ಹೆಚ್ಚಿಸಲು ಹೇಳಿದೆ. ಜೊತೆಗೆ ಒಂದು ಪ್ಲೇಟು ಹೆಚ್ಚು ಹಾಕಿಸಿದೆ. ಅವರು ನಾನು ಹೇಳಿದ್ದನ್ನು ಹೇಳಿದಂತೆಯೇ ಮಾಡಿಕೊಟ್ಟರು. ಹಿಂಭಾಗ ಎರಡು ಇಂಚಿಗೂ ಹೆಚ್ಚು ಮೇಲೆದ್ದಿತು. ನೋಡಿದವರು ಕಾರಿಗೆ ಹುರುಪು ಬಂದಿದೆ ಎಂದರು. ನನಗೂ ಹಾಗೆಯೇ ಅನಿಸಿತು.

2022ರ ಮಳೆಗಾಲದಲ್ಲಿ ನಮ್ಮ ಕಚೇರಿಯ ಆರ್ಟಿಕಲ್ ಹುಡುಗನೊಬ್ಬನನ್ನು ಕೂಡಿಸಿಕೊಂಡು ಮುಂಡಗೋಡಕ್ಕೆ ಹೊರಟಿದ್ದೆ. ತಡಸ ದಾಟಿದ ಮೇಲೆ ಒಂದು ಬಲ ತಿರುವು. ವೇಗ ಗಂಟೆಗೆ 50 ಕಿ.ಮೀ. ಮೀರಿರಲಿಲ್ಲ. ತಿರುವಿನ ಮಧ್ಯದಲ್ಲಿ ರಸ್ತೆಯ ಮೇಲೆ ನೀರು ಕಂಡು ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂಭಾಗ ಒಮ್ಮೆಲೇ ಎದ್ದು ಹೊರಕ್ಕೆ ಬೀಸಿತು. ಕಾರು ಅರ್ಧ ಸುತ್ತು ಸುತ್ತಿ, ಬಂದ ದಾರಿಗೇ ಮುಖ ಮಾಡಿ, ಎದುರುಗಡೆಯ ಸಾಲಿನಲ್ಲಿ ನಿಂತಿತು. ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ಅರ್ಧ ನಿಮಿಷದ ನಂತರ ಎದುರಿನಿಂದ ಮೆಕ್ಕೆಜೋಳ ಹೇರಿದ ಲಾರಿಯೊಂದು ಹಾರ್ನ್ ಮಾಡುತ್ತ ಪಕ್ಕದಲ್ಲಿ ಹಾದುಹೋಯಿತು. ಆ ಹುಡುಗ ಮುಂಡಗೋಡ ಮುಟ್ಟುವವರೆಗೆ ಮಾತನಾಡಲಿಲ್ಲ. ಅವನ ತಂದೆ ತಾಯಿಗೆ ನಾನು ಏನು ಹೇಳಬೇಕಾಗುತ್ತಿತ್ತು ಎಂಬುದೇ ನನ್ನ ತಲೆಯಲ್ಲಿತ್ತು.

ಕಾಲೊನಿಯ ಗ್ಯಾರೇಜಿನಲ್ಲಿ

ಕಕ್ಷಿದಾರರೊಬ್ಬರು ಕಾಲೊನಿಯಲ್ಲಿ ಟ್ರ್ಯಾಕ್ಟರ್ ಮತ್ತು ಜೀಪುಗಳ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಕಳುಹಿಸಿದರು. ಅವರ ಕೈಕೆಳಗಿನ ಹುಡುಗರು ಅವರನ್ನು 'ಪಾ-ಲಾ' ಎಂದು ಕರೆಯುತ್ತಿದ್ದರು. ಟಿಬೆಟನ್ ಭಾಷೆಯಲ್ಲಿ ಹಾಗೆಂದರೆ ಅಪ್ಪಾಜಿ ಎಂದ ಹಾಗೆ. ನಮ್ಮ ಕಡೆಯ ಕನ್ನಡವನ್ನು ಅವರು ನಮ್ಮ ಹಾಗೆಯೇ ಮಾತನಾಡುತ್ತಿದ್ದರು.

ಅವರು ಜಾಕು ಹಾಕಲಿಲ್ಲ, ಪಾನಾ ಹಿಡಿಯಲಿಲ್ಲ. ಕಾರಿನ ಹಿಂದೆ ಹತ್ತು ಹೆಜ್ಜೆ ದೂರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಗಾಲಿಗಳನ್ನೇ ನೋಡಿದರು. ಎರಡೂ ಗಾಲಿಗಳ ಮೇಲ್ತುದಿ ಹೊರಕ್ಕೆ, ಕೆಳತುದಿ ಒಳಕ್ಕೆ ಇತ್ತು.

"ಸಾಹೇಬ್ರ, ಹಿಂದ ಎತ್ತಿಸಿದವ್ರು ಯಾರು?"

"ನಾನ ಎತ್ತಿಸೀನಿ. ತಳಾ ತಾಗತಿತ್ತು."

"ಲಾರಿಗೆ ಇದು ನಡೀತೈತಿ. ಇದಕ್ಕ ನಡಿಯೂದಿಲ್ರಿ. ಲಾರಿ ಅಚ್ಚು ಒಂದ ತುಂಡು. ಇದರದ್ದು ನಡಕ್ಕ ಕೀಲು ಐತಿ. ನೀವು ಮ್ಯಾಲೆ ಎತ್ತಿದಷ್ಟು ಗಾಲಿ ಒಳಗ ಮಡಚತೈತಿ. ತಳಾ ಯಾಕ ತಾಗತಿತ್ತು, ಅದನ್ನ ಮೊದಲ ನೋಡಬೇಕಿತ್ತು."

ಕೊನೆಯ ಆ ಮಾತು ನನ್ನ ವೃತ್ತಿಯವರು ಕಕ್ಷಿದಾರರಿಗೆ ದಿನವೂ ಹೇಳುವ ಮಾತೇ. ನಗದು ಸಾಲದೆ ಬಂದಾಗ ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಿಕೊಳ್ಳುವುದಕ್ಕೆ ಮುನ್ನ ಹಣ ಎಲ್ಲಿ ಸಿಕ್ಕಿಕೊಂಡಿದೆ ನೋಡಿ ಎನ್ನುತ್ತೇವೆ. ನಾನು ಕಾರಿನ ವಿಷಯದಲ್ಲಿ ಕಾರಣ ನೋಡದೆ ಮಿತಿ ಹೆಚ್ಚಿಸಿಕೊಂಡಿದ್ದೆ.

ಬಿಚ್ಚಿ ನೋಡಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ಒಂದು ಬದಿಯ ಶಾಕ್ ಅಬ್ಸಾರ್ಬರ್ ಸತ್ತಿತ್ತು. ಗಾಲಿ ಹಿಡಿದಿರುವ ಕೊಂಡಿಯ ಬುಷ್‌ಗಳು ತಿಂದುಹೋಗಿದ್ದವು. ಸೈಲೆನ್ಸರ್ ತೂಗುವ ರಬ್ಬರ್ ಪಟ್ಟಿ ಹರಿದು ಕೊಳವೆ ಒಂದೂವರೆ ಇಂಚು ಕೆಳಗೆ ಜೋತಿತ್ತು. ತಳ ತಾಗುತ್ತಿದ್ದದ್ದು ಮುಖ್ಯವಾಗಿ ಇದರಿಂದಲೇ. ಮೂಲ ಪ್ಲೇಟುಗಳಲ್ಲಿ ದೋಷ ಹೆಚ್ಚೇನೂ ಇರಲಿಲ್ಲ.

ಹೊಂದಾಣಿಕೆಯ ಕ್ರಮ

ಮೇಸ್ತ್ರಿಯವರು ಎರಡು ದಿನ ತೆಗೆದುಕೊಂಡರು. ಅವರು ಅನುಸರಿಸಿದ ಕ್ರಮ ಇಂಥ ಕಾರು ಇಟ್ಟುಕೊಂಡವರಿಗೆಲ್ಲ ಉಪಯುಕ್ತವಾದುದರಿಂದ ವಿವರವಾಗಿ ಕೊಡುತ್ತೇನೆ.

1. ಮೊದಲು ಅಳತೆ. ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಚಾಲಕನ ಜಾಗದಲ್ಲಿ ಅಷ್ಟೇ ತೂಕದ ಚೀಲ ಇಟ್ಟು, ಹಿಂಭಾಗವನ್ನು ನಾಲ್ಕಾರು ಸಲ ಒತ್ತಿ ಬಿಟ್ಟು, ಸ್ವಲ್ಪ ಉರುಳಿಸಿದ ನಂತರವೇ ಅಳೆಯಬೇಕು. ಎಡಬಲದ ಎತ್ತರ ಬರೆದುಕೊಳ್ಳಬೇಕು. ಗಾಲಿಯ ಓರೆಗೆ ತೂಗುಗುಂಡು ಸಾಕು. 13 ಇಂಚಿನ ಗಾಲಿಯಲ್ಲಿ ರಿಮ್ಮಿನ ಮೇಲ್ತುದಿಗೂ ಕೆಳತುದಿಗೂ ದಾರದಿಂದ ಇರುವ ಅಂತರದಲ್ಲಿ 6 ಮಿ.ಮೀ. ವ್ಯತ್ಯಾಸ ಬಂದರೆ ಓರೆ ಸುಮಾರು ಒಂದು ಡಿಗ್ರಿ.

2. ಪ್ಲೇಟ್ ಸೆಟ್ಟನ್ನು ಇಳಿಸುವಾಗ ಎಚ್ಚರ. ಅಡ್ಡ ಸ್ಪ್ರಿಂಗು ಬಿಗಿತದಲ್ಲಿರುತ್ತದೆ. ಗಾಲಿಯ ಕೊಂಡಿಗಳಿಗೆ ಜಾಕಿನ ಆಸರೆ ಕೊಡದೆ ತುದಿಯ ಬೋಲ್ಟು ಬಿಚ್ಚಿದರೆ ಅದು ಸಿಡಿದು ಕೈ ಮುರಿಯಬಲ್ಲದು. ಕಾರು ಜಾಕಿನ ಮೇಲಲ್ಲದೆ ಗಟ್ಟಿ ಸ್ಟ್ಯಾಂಡುಗಳ ಮೇಲಿರಬೇಕು.

3. ಹೆಚ್ಚುವರಿ ಪ್ಲೇಟನ್ನು ತೆಗೆದು, ಬಡಿಸಿದ್ದ ಬಾಗನ್ನು ಮೊದಲಿನ ಅಳತೆಗೆ ತಂದರು. ಪ್ಲೇಟುಗಳ ನಡುವಿನ ತುಕ್ಕು ತೆಗೆದು, ತುದಿಗಳಲ್ಲಿ ಹೊಸ ಗುಂಡಿಗಳನ್ನು ಕೂಡಿಸಿದರು. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರುವುದಿಲ್ಲ. ಆಗ ಸ್ಪ್ರಿಂಗು ಬಿರುಸಾಗಿದೆ ಎಂದು ನಾವು ತಪ್ಪು ತಿಳಿಯುತ್ತೇವೆ.

4. ಅರ್ಧ ಅಚ್ಚುಗಳಲ್ಲಿ ಬಿರುಕು ಇದೆಯೇ, ಕೀಲಿನ ಯೂನಿವರ್ಸಲ್ ಜಾಯಿಂಟ್ ಸಡಿಲವಾಗಿದೆಯೇ ಎಂದು ನೋಡಿದರು. ಈ ಬಗೆಯ ಕಾರಿನಲ್ಲಿ ಅಚ್ಚೇ ಗಾಲಿಯನ್ನು ಹಿಡಿದಿರುವುದರಿಂದ ಅಚ್ಚು ಮುರಿದರೆ ಗಾಲಿಯೇ ಕಳಚುತ್ತದೆ.

5. ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸಿದರು. ಒಂದು ಹೊಸದು, ಒಂದು ಹಳೆಯದು ಇದ್ದರೆ ಎಡ ತಿರುವಿಗೊಂದು, ಬಲ ತಿರುವಿಗೊಂದು ಸ್ವಭಾವ ಬರುತ್ತದೆ.

6. ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರು ಗಾಲಿಗಳ ಮೇಲೆ ನಿಂತು, ತನ್ನ ಭಾರವನ್ನು ಹೊತ್ತ ಮೇಲೆಯೇ ಕೊನೆಯದಾಗಿ ಬಿಗಿಗೊಳಿಸಿದರು. ಗಾಲಿ ಜೋತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಹಿಂಭಾಗವೂ ಸುಳ್ಳು ಎತ್ತರ ತೋರಿಸುತ್ತದೆ.

7. ಕೊನೆಯಲ್ಲಿ ಗಾಲಿಗಳ ನೇರ. ಪ್ರತಿ ಗಾಲಿಯನ್ನು ಮುಂದಕ್ಕೆ ಹಿಡಿದಿರುವ ಸರಳೊಂದಿದೆ. ಅದರ ಬುಡದ ತೆಳು ತಗಡುಗಳನ್ನು ಹೆಚ್ಚು ಕಡಿಮೆ ಮಾಡಿ ಎರಡೂ ಗಾಲಿಗಳು ಕಾರಿನ ಉದ್ದಕ್ಕೆ ನೇರವಾಗಿರುವಂತೆ ಮಾಡಿದರು. ಹಿಂದಿನ ಟೈರುಗಳಿಗೆ ಮುಂದಿನವುಗಳಿಗಿಂತ ಹೆಚ್ಚು ಗಾಳಿ ಇಟ್ಟರು.

ಇಷ್ಟರಲ್ಲಿ ಹೊಸದಾಗಿ ಸೇರಿಸಿದ ಭಾಗ ಒಂದೂ ಇರಲಿಲ್ಲ. ಆದರೂ ಕಾರು ಬೇರೆಯೇ ಆಗಿತ್ತು. ಇನ್ನೂ ತಗ್ಗಿಸಬೇಕೆಂದರೆ ಡಿಫರೆನ್ಷಿಯಲ್ ಮತ್ತು ಸ್ಪ್ರಿಂಗಿನ ನಡುವೆ ಒಂದು ಲೋಹದ ತುಂಡು ಇಡಬಹುದು ಎಂದರು. ಸ್ಪಿಟ್‌ಫೈರ್ ಮಾಲೀಕರು ಇದನ್ನು ಬಹಳ ಕಾಲದಿಂದ ಮಾಡುತ್ತಾರೆ. ಇಲ್ಲೊಂದು ಸೋಜಿಗವಿದೆ. ಲಾರಿಯಲ್ಲಿ ಅಚ್ಚಿಗೂ ಅದರ ಮೇಲಿನ ಪ್ಲೇಟಿಗೂ ನಡುವೆ ತುಂಡು ಇಟ್ಟರೆ ಗಾಡಿ ಏರುತ್ತದೆ. ಹೆರಾಲ್ಡ್‌ನಲ್ಲಿ ಡಿಫರೆನ್ಷಿಯಲ್ಲು ಚಾಸಿಗೆ ಸೇರಿದ್ದು, ಸ್ಪ್ರಿಂಗಿನ ತುದಿಗಳು ಗಾಲಿಗೆ ಸೇರಿದ್ದು. ಹೀಗಾಗಿ ಅದೇ ತುಂಡು ಕಾರನ್ನು ಇಳಿಸುತ್ತದೆ. ಒಂದು ಗಾಡಿಯ ಉಪಾಯ ಇನ್ನೊಂದಕ್ಕೆ ತಲೆಕೆಳಗಾಗಿ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ನಮ್ಮ ರಸ್ತೆಗಳ ಹಂಪುಗಳನ್ನು ನೆನೆದು ನಾನು ಆ ತುಂಡು ಹಾಕಿಸಲಿಲ್ಲ.

ಒಂದು ದೋಷ, ಮೂರು ಉತ್ತರ

ಸ್ವಿಂಗ್ ಆ್ಯಕ್ಸಲಿನ ಈ ದೋಷವನ್ನು ಕಂಪನಿಗಳು ಹೇಗೆ ನಿಭಾಯಿಸಿದವು ಎಂಬುದು ಸಣ್ಣ ಉದ್ಯಮಿಗಳು ಗಮನಿಸಬೇಕಾದ ವಿಷಯ.

ಅಮೆರಿಕದಲ್ಲಿ ಜನರಲ್ ಮೋಟರ್ಸ್ ತನ್ನ ಷೆವರ್ಲೆ ಕಾರ್ವೇರ್ ಕಾರಿಗೆ 1960ನೆಯ ಮಾದರಿಯಿಂದಲೇ ಸ್ವಿಂಗ್ ಆ್ಯಕ್ಸಲ್ ಹಾಕಿತ್ತು. ಗಾಲಿ ಮಡಚದಂತೆ ತಡೆಯುವ ಅಡ್ಡ ಸ್ಪ್ರಿಂಗನ್ನು ಎಲ್ಲ ಕಾರುಗಳಿಗೂ ಕೊಟ್ಟದ್ದು 1964ನೆಯ ಮಾದರಿಯಲ್ಲಿ. 1965ನೆಯ ಮಾದರಿಗೆ ಹಿಂದಿನ ಸಸ್ಪೆನ್ಷನ್ನನ್ನೇ ಬದಲಿಸಿತು. ಆದರೆ ಅದೇ 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕ ಹೊರಬಂದು ಕಾರಿನ ಹೆಸರು ಕೆಟ್ಟಿತು. ಸರಿಪಡಿಸುವ ಕೆಲಸ ಮುಗಿಯುವ ಹೊತ್ತಿಗೆ ಗ್ರಾಹಕರ ನಂಬಿಕೆ ಹೋಗಿತ್ತು.

ಇಂಗ್ಲೆಂಡಿನ ಟ್ರಯಂಫ್ 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಮಿತವ್ಯಯದ ದಾರಿ ಹಿಡಿಯಿತು. ಅಚ್ಚು ಹಾಗೆಯೇ ಉಳಿಯಿತು. ಅಡ್ಡ ಸ್ಪ್ರಿಂಗಿನ ಒಂದು ಪ್ಲೇಟನ್ನು ಮಾತ್ರ ಬಿಗಿಯಾಗಿ ಹಿಡಿದು, ಉಳಿದವು ಮಧ್ಯದಲ್ಲಿ ತಕ್ಕಡಿಯಂತೆ ತೂಗಲು ಬಿಟ್ಟರು. ಕಾರು ವಾಲಿದಾಗ ಹಿಂಭಾಗದ ಬಿರುಸು ಕಡಿಮೆಯಾಗಿ ಹಿಂದಿನ ಗಾಲಿ ಎತ್ತುವ ಪ್ರವೃತ್ತಿ ತಗ್ಗಿತು. ಕಡಿಮೆಯಾದ ಬಿರುಸನ್ನು ಮುಂಭಾಗದ ದಪ್ಪ ಸರಳಿನಿಂದ ತುಂಬಿಕೊಂಡರು. ಹಿಡಿಯುವ ರೀತಿ ಬದಲಿಸಿದ್ದರಿಂದಲೇ ದೋಷದ ಬಹುಪಾಲು ಹೋಯಿತು.

ನಮ್ಮ ಮದ್ರಾಸಿನ ಕಂಪನಿ ಮೂರನೆಯ ದಾರಿ ಹಿಡಿಯಿತು. ಹೆರಾಲ್ಡ್‌ನ ಬದಲಿಗೆ 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗಝೆಲ್‌ನಲ್ಲಿ ಎಂಜಿನ್ ಅದೇ 948 ಸಿ.ಸಿ. ಇಟ್ಟು, ಸ್ವಿಂಗ್ ಆ್ಯಕ್ಸಲನ್ನು ಕೈಬಿಟ್ಟು, ಒಂದೇ ತುಂಡಿನ ಗಟ್ಟಿ ಅಚ್ಚನ್ನು ಹಾಕಿದರು. ಹೆರಾಲ್ಡ್‌ನ ಹಿಂದಿನ ಅಚ್ಚು ನಮ್ಮ ಗ್ರಾಹಕರಿಗೂ ಮೆಕ್ಯಾನಿಕ್‌ಗಳಿಗೂ ಒಗ್ಗಿರಲಿಲ್ಲ ಎಂಬುದು ಇದಕ್ಕೆ ಕಾರಣ. ತಾಂತ್ರಿಕವಾಗಿ ಇದು ಹಿಂದಕ್ಕೆ ಇಟ್ಟ ಹೆಜ್ಜೆಯಂತೆ ಕಾಣಬಹುದು. ಆದರೆ ಊರೂರಿನ ಗ್ಯಾರೇಜಿನಲ್ಲಿ ಸರಿಮಾಡಲು ಬಾರದ ಸೌಲಭ್ಯ ಗ್ರಾಹಕನಿಗೆ ಸೌಲಭ್ಯವೇ ಅಲ್ಲ. ಪಂಪು, ಗಿರಣಿ, ಕೃಷಿ ಉಪಕರಣ ತಯಾರಿಸುವ ನಮ್ಮ ಸದಸ್ಯರು ತಮ್ಮ ಸರಕನ್ನು ರಿಪೇರಿ ಮಾಡುವವನು ಯಾರು, ಅವನ ಕೈಯಲ್ಲಿ ಯಾವ ಪಾನಾ ಇದೆ ಎಂದು ಮೊದಲೇ ಯೋಚಿಸುವುದು ಒಳಿತು. ಹಾಗೆಂದು ಅಷ್ಟೇ ಸಾಲದು. ಗಝೆಲ್ ತಯಾರಿಕೆ 1977ರಲ್ಲಿ ನಿಂತಿತು. ಒಂದು ದೋಷ ಸರಿಹೋದ ಮಾತ್ರಕ್ಕೆ ಸರಕು ನಿಲ್ಲುವುದಿಲ್ಲ.

ಸರಕು ವಾಹನಗಳಿಗೆ ಅನ್ವಯ

ನಮ್ಮ ಸದಸ್ಯರಲ್ಲಿ ಹಳೆಯ ಕಾರು ಇಟ್ಟುಕೊಂಡವರು ಕೆಲವರು ಮಾತ್ರ. ಪಿಕಪ್ ಮತ್ತು ಟೆಂಪೋ ಇಟ್ಟುಕೊಂಡವರು ನೂರಾರು ಜನ. ಅವುಗಳ ಹಿಂದೆ 'ಒಂದು ಪ್ಲೇಟು ಹೆಚ್ಚು' ಹಾಕಿಸುವುದು ನಮ್ಮ ಮಾರುಕಟ್ಟೆಯಲ್ಲಿ ರೂಢಿಯಾಗಿಬಿಟ್ಟಿದೆ. ಅಚ್ಚು ಗಟ್ಟಿಯಾದುದರಿಂದ ಗಾಲಿ ಮಡಚುವುದಿಲ್ಲ, ನಿಜ. ಆದರೆ ಹೆಚ್ಚಿನ ಪ್ಲೇಟು ಅಚ್ಚು, ಬೇರಿಂಗು, ಬ್ರೇಕು, ಟೈರುಗಳ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಗಾಡಿ ಕುಸಿಯುವುದು ಹೇರು ಹೆಚ್ಚಾಗಿದೆ ಎನ್ನುವುದರ ಸೂಚನೆ. ಪ್ಲೇಟು ಸೇರಿಸಿದಾಗ ಹೇರು ಹಾಗೆಯೇ ಇದ್ದು ಸೂಚನೆ ಮಾತ್ರ ಮರೆಯಾಗುತ್ತದೆ. ಖಾಲಿ ಗಾಡಿ ಮಳೆಯಲ್ಲಿ ಬ್ರೇಕ್ ಹಾಕಿದಾಗ ಬಿರುಸಾದ ಹಿಂಭಾಗ ಕುಣಿದು ಹಿಡಿತ ತಪ್ಪುವುದು ಇನ್ನೊಂದು ಅಪಾಯ.

ಕಾನೂನಿನ ಸ್ಥಿತಿಯೂ ಸ್ಪಷ್ಟ. ಆರ್.ಸಿ. ಪುಸ್ತಕದಲ್ಲಿನ ಒಟ್ಟು ತೂಕ ಪ್ಲೇಟು ಹೆಚ್ಚಿಸಿದ್ದರಿಂದ ಹೆಚ್ಚಾಗದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ್ದಕ್ಕೂ ಆರ್.ಸಿ. ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, 194ನೆಯ ಕಲಮಿನಡಿ ಹೆಚ್ಚು ಹೇರಿಗೆ ರೂ. 20,000 ಮತ್ತು ಹೆಚ್ಚಿನ ಪ್ರತಿ ಟನ್ನಿಗೆ ರೂ. 2,000 ದಂಡವಿದೆ. ಎರಡು ಟನ್ ಹೆಚ್ಚಿದ್ದರೆ ರೂ. 24,000. ಹೇರು ಇಳಿಸುವ ಖರ್ಚು ಬೇರೆ. ಕಾನೂನು ಮುರಿದದ್ದಕ್ಕೆ ಕಟ್ಟಿದ ಇಂಥ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲ ಎಂಬುದನ್ನೂ ಮರೆಯಬಾರದು.

ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕು

ಸವೆದ ಬುಷ್, ಮುರಿದ ಪ್ಲೇಟು, ಸತ್ತ ಶಾಕ್ ಅಬ್ಸಾರ್ಬರ್ ಬದಲಿಸಿದ್ದು ಚಾಲ್ತಿ ದುರಸ್ತಿ. ಇದ್ದ ಆಸ್ತಿಯನ್ನು ಇದ್ದಂತೆ ಉಳಿಸಿಕೊಳ್ಳುವುದು ಇದರ ಉದ್ದೇಶ. ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ಉಂಟುಮಾಡುವ ವೆಚ್ಚ ಇದರಲ್ಲಿ ಬಾರದು ಎಂಬ ಒರೆಗಲ್ಲನ್ನು ಸರ್ವೋಚ್ಚ ನ್ಯಾಯಾಲಯ 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಬಂಡವಾಳ ಸ್ವರೂಪದ ವೆಚ್ಚ ಚಾಲ್ತಿ ದುರಸ್ತಿಯಲ್ಲ ಎಂದು 2003ರ ಹಣಕಾಸು ಕಾಯ್ದೆಯ ಮೂಲಕ ವಿವರಣೆಯನ್ನೂ ಸೇರಿಸಲಾಯಿತು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬಂದಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ಮೂಲ ತತ್ತ್ವ ಇದೇ.

ವಾಹನಕ್ಕೆ ಹೊಸ ದೇಹ ಕಟ್ಟಿಸುವುದು, ಬೇರೆ ಬಗೆಯ ಅಚ್ಚು ಕೂಡಿಸುವುದು ಬಂಡವಾಳ ವೆಚ್ಚ. ಅದನ್ನು ವಾಹನದ ಬೆಲೆಗೆ ಸೇರಿಸಿ ಸವಕಳಿ ಪಡೆಯಬೇಕು. ಆದ್ದರಿಂದ ಗ್ಯಾರೇಜಿನವರಿಂದ ಒಟ್ಟು ಮೊತ್ತದ ಬಿಲ್ಲು ತೆಗೆದುಕೊಳ್ಳದೆ, ಬದಲಿಸಿದ ಭಾಗಕ್ಕೊಂದು ಸಾಲು, ಸೇರಿಸಿದ ಭಾಗಕ್ಕೊಂದು ಸಾಲು ಬರೆಯಿಸಿಕೊಳ್ಳಬೇಕು. ಹಳೆಯ ಭಾಗ ಏಕೆ ಬದಲಾಯಿತು ಎಂದು ಒಂದು ಮಾತು ಬರೆಸಿದರೆ ವಿಚಾರಣೆಯ ಹೊತ್ತಿಗೆ ಅದೇ ಸಾಕ್ಷಿ.

ಜಿ.ಎಸ್.ಟಿ.ಯಲ್ಲಿ ಸರಕು ವಾಹನದ ದುರಸ್ತಿಯ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ಸಿಗುತ್ತದೆ. ಚಾಲಕ ಸೇರಿ 13 ಅಥವಾ ಕಡಿಮೆ ಆಸನದ ಪ್ರಯಾಣಿಕ ವಾಹನಕ್ಕೆ, ಕಾಯ್ದೆ ಹೇಳಿರುವ ಕೆಲವು ವ್ಯವಹಾರಗಳನ್ನು ಬಿಟ್ಟರೆ, ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ. 18ರ ಒಂದೇ ದರವಾಗಿರುವುದರಿಂದ ಬಿಲ್ಲಿನ ದರವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ನನ್ನ ಹೆರಾಲ್ಡ್‌ನಂಥ ಕಾರಿನ ಖರ್ಚು. ಅದು ಹವ್ಯಾಸ. ಅದನ್ನು ಅಂಗಡಿಯ ಲೆಕ್ಕಕ್ಕೆ ತರದೆ ಸ್ವಂತದ ಖಾತೆಗೆ ಬರೆದುಕೊಳ್ಳಬೇಕು. 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಲು 2021ರಿಂದ ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ಹೊಸ ನೋಂದಣಿಗೆ ಶುಲ್ಕ ರೂ. 20,000. ಚಾಸಿ, ದೇಹ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗದೆ ಮೂಲ ರೂಪದಲ್ಲಿರಬೇಕು. ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಕಾಲೊನಿಯ ದಾರಿ ಬೇಕಾದ್ದರಿಂದ ನಾನು ಆ ನೋಂದಣಿಗೆ ಹೋಗಿಲ್ಲ. ಹೋಗಬಯಸುವವರು ಮೊದಲು ಸುಧಾರಣೆಯ ಆಸೆಗೆ ಕಡಿವಾಣ ಹಾಕಿಕೊಳ್ಳಬೇಕು.

ಕೊನೆಯ ಮಾತು

ಯಾವುದೇ ಸುಧಾರಣೆಗೆ ಹಣ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಮೊದಲು ಇದ್ದ ಸ್ಥಿತಿ ಅಳೆದಿದ್ದೇನೆಯೇ? ಸವೆದದ್ದನ್ನೆಲ್ಲ ಮೊದಲಿನಂತೆ ಮಾಡಿದ ಮೇಲೂ ತೊಂದರೆ ಉಳಿದಿದೆಯೇ? ನಾನು ಸೇರಿಸುವ ಭಾಗದ ಭಾರ ಮುಂದೆ ಯಾವ ಭಾಗದ ಮೇಲೆ ಬೀಳುತ್ತದೆ? ಕಾರಿಗೆ, ಟೆಂಪೋಗೆ, ಕಾರ್ಖಾನೆಯ ಯಂತ್ರಕ್ಕೆ, ಬ್ಯಾಂಕಿನ ಸಾಲಕ್ಕೆ ಈ ಮೂರೂ ಪ್ರಶ್ನೆಗಳು ಸಮಾನವಾಗಿ ಅನ್ವಯಿಸುತ್ತವೆ. ನಾನು ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಒಂದು ರಬ್ಬರ್ ಪಟ್ಟಿಯ ಖರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು.

ಮೇಸ್ತ್ರಿಯವರು ಕೊಟ್ಟ ಬಿಲ್ಲು ಈಗಲೂ ನನ್ನ ಬಳಿ ಇದೆ. ಬದಲಿಸಿದ ಪ್ರತಿ ಭಾಗಕ್ಕೂ ಬೇರೆ ಸಾಲು, ಮಜೂರಿಗೆ ಬೇರೆ ಸಾಲು. ಕೆಳಗೆ ಹಿಂಭಾಗದ ಎತ್ತರ ಮೊದಲೆಷ್ಟು, ಈಗೆಷ್ಟು ಎಂದು ಎರಡೂ ಬದಿಯ ಅಳತೆ. ತೆಗೆದ ಹೆಚ್ಚುವರಿ ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಟ್ಟರು. ನಮ್ಮ ಕಚೇರಿಗೆ ಹೊಸದಾಗಿ ಬರುವ ಆರ್ಟಿಕಲ್ ಹುಡುಗರಿಗೆ ದುರಸ್ತಿ ಮತ್ತು ಬಂಡವಾಳ ವೆಚ್ಚದ ವ್ಯತ್ಯಾಸ ಕಲಿಸುವಾಗ ಆ ಬಿಲ್ಲನ್ನೂ ಆ ಪ್ಲೇಟನ್ನೂ ಮೇಜಿನ ಮೇಲೆ ಇಡುತ್ತೇನೆ.